ಕ್ಲಚ್ ಸವೆದಿದೆಯೇ, ಕೇಬಲ್ ಹಿಗ್ಗಿದೆಯೇ? ಹಳೇ ಸಣ್ಣ ಕಾರಿನ ಕ್ಲಚ್ ಬಗ್ಗೆ ಅಧ್ಯಯನ ಟಿಪ್ಪಣಿ

ಕ್ಲಚ್ ಪೆಡಲ್ ಅನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಮೊದಲು ಸ್ವಲ್ಪ ದೂರ ಸುಮ್ನೆ ಕೆಳಗೆ ಹೋಗುತ್ತದೆ. ಆಮೇಲೆ ಬಿಗಿ ಸಿಗುತ್ತದೆ. ಬಿಗಿ ಸಿಗುವವರೆಗಿನ ಆ ಸಡಿಲವೇ ಫ್ರೀ ಪ್ಲೇ. ಕೇಬಲ್ ಕ್ಲಚ್ ಇರುವ ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 10ರಿಂದ 30 ಮಿ.ಮೀ. ಒಳಗೆ ಇರುತ್ತದೆ. ಸರಿಯಾದ ಅಳತೆಯನ್ನು ಆಯಾ ಕಾರಿನ ಮ್ಯಾನುಯಲ್ ನೋಡಿಯೇ ತಿಳಿಯಬೇಕು.

ಕ್ಲಚ್ ಬಗ್ಗೆ ಒಂದೇ ಒಂದು ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ: ಎಂಜಿನ್‌ನ ತಿರುಗುವಿಕೆಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಕ್ಲಚ್ ಪ್ಲೇಟ್ ಸವೆದರೆ ಫ್ರೀ ಪ್ಲೇ ಕಡಿಮೆಯಾಗುತ್ತದೆ, ಕೇಬಲ್ ಹಿಗ್ಗಿದರೆ ಜಾಸ್ತಿಯಾಗುತ್ತದೆ. ಎರಡನ್ನೂ ಹೊಂದಿಸುವುದು ಕೇಬಲ್‌ನ ಒಂದೇ ನಟ್. ಆದರೆ ತಿರುಗಿಸುವ ದಿಕ್ಕು ಬೇರೆ. ಹೀಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಸ್ಕೇಲ್ ಹಿಡಿಯಬೇಕು.

ಸವೆದರೆ ಪ್ಲೇ ಯಾಕೆ ಕಡಿಮೆಯಾಗುತ್ತದೆ?

ತುಂಬಾ ಜನ ತಲೆಕೆಳಗಾಗಿ ಯೋಚಿಸುವುದು ಇಲ್ಲೇ. ಸವೆದ ವಸ್ತು ಸಡಿಲವಾಗಬೇಕು ಅಲ್ವಾ? ಕ್ಲಚ್‌ನಲ್ಲಿ ಹಾಗಲ್ಲ.

ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಒಂದು ಕಡೆ, ಪ್ರೆಶರ್ ಪ್ಲೇಟ್ ಇನ್ನೊಂದು ಕಡೆ. ನಡುವೆ ಕ್ಲಚ್ ಪ್ಲೇಟ್, ಎರಡು ಅಂಗೈಗಳ ನಡುವೆ ಒತ್ತಿ ಹಿಡಿದ ತಟ್ಟೆಯ ಹಾಗೆ. ಒತ್ತುವ ಬಲ ಕೊಡುವುದು ಡಯಾಫ್ರಮ್ ಸ್ಪ್ರಿಂಗ್. ಇದು ಬಟ್ಟಲಿನಂತೆ ಸ್ವಲ್ಪ ಬಾಗಿದ ಉಕ್ಕಿನ ತಗಡು. ಅದರ ನಡುಭಾಗ ಸೀಳಿ ಬೆರಳುಗಳಂತಾಗಿರುತ್ತದೆ. ನಾವು ಪೆಡಲ್ ಒತ್ತಿದಾಗ ಕೇಬಲ್ ಫೋರ್ಕ್ ಅನ್ನು, ಅಂದರೆ ಕವಲಿನಂಥ ಸನ್ನೆಯನ್ನು, ಎಳೆಯುತ್ತದೆ, ಫೋರ್ಕ್ ರಿಲೀಸ್ ಬೇರಿಂಗ್ ಅನ್ನು ತಳ್ಳುತ್ತದೆ, ಬೇರಿಂಗ್ ಆ ಬೆರಳುಗಳನ್ನು ಒತ್ತುತ್ತದೆ. ಆಗ ಸ್ಪ್ರಿಂಗ್‌ನ ಹೊರ ಅಂಚು ಹಿಂದಕ್ಕೆ ಬರುತ್ತದೆ, ಪ್ಲೇಟ್ ಬಿಡುಗಡೆಯಾಗುತ್ತದೆ.

ಈಗ ಪ್ಲೇಟ್ ತೆಳುವಾಯಿತು ಅಂದುಕೊಳ್ಳಿ. ಪ್ರೆಶರ್ ಪ್ಲೇಟ್ ಅಷ್ಟೇ ದೂರ ಫ್ಲೈವೀಲ್ ಕಡೆಗೆ ಸರಿಯುತ್ತದೆ. ಸ್ಪ್ರಿಂಗ್‌ನ ಹೊರ ಅಂಚು ಅದರ ಜೊತೆ ಮುಂದೆ ಹೋಗುತ್ತದೆ. ಸ್ಪ್ರಿಂಗ್ ಸನ್ನೆಯಂತೆ ಕೆಲಸ ಮಾಡುವುದರಿಂದ ಒಳಗಿನ ಬೆರಳುಗಳು ಎದುರು ದಿಕ್ಕಿಗೆ, ಅಂದರೆ ಬೇರಿಂಗ್ ಕಡೆಗೆ ಏಳುತ್ತವೆ. ಬೇರಿಂಗ್‌ಗೂ ಬೆರಳುಗಳಿಗೂ ನಡುವೆ ಇದ್ದ ಸಂದು ಹೀಗೆ ಮುಚ್ಚುತ್ತಾ ಬರುತ್ತದೆ. ಪೆಡಲ್‌ನಲ್ಲಿ ನಮಗೆ ಸಿಗುತ್ತಿದ್ದ ಸಡಿಲ ಮುಖ್ಯವಾಗಿ ಆ ಸಂದೇ. ಕ್ಲಚ್ ಹಿಡಿಯುವ ಜಾಗ ಪೆಡಲ್‌ನ ಮೇಲ್ಭಾಗಕ್ಕೆ ಬರುವುದಕ್ಕೂ ಇದೇ ಕಾರಣ.

ಸಂದು ಪೂರ್ತಿ ಮುಚ್ಚಿದ ಮೇಲೂ ಸವಕಳಿ ನಿಲ್ಲುವುದಿಲ್ಲ. ಬೇರಿಂಗ್ ಯಾವಾಗಲೂ ಬೆರಳುಗಳನ್ನು ಒತ್ತಿಕೊಂಡೇ ಇರುತ್ತದೆ. ಅಂದರೆ ನಿಮ್ಮ ಕಾಲು ಪೆಡಲ್ ಮೇಲೆ ಇಲ್ಲದಿದ್ದರೂ ಯಾರೋ ಅರ್ಧ ಒತ್ತಿದಂತೆ. ಪ್ಲೇಟ್ ಜಾರುತ್ತದೆ, ಜಾರಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಇನ್ನೂ ಬೇಗ ಸವೆಯುತ್ತದೆ. ಸಮಯಕ್ಕೆ ಸರಿಯಾಗಿ ನಟ್ ಸಡಿಲಿಸಿದ್ದರೆ ಇನ್ನೂ ಬಹಳ ದಿನ ಬರಬೇಕಿದ್ದ ಪ್ಲೇಟ್ ಹೀಗೆ ಸುಟ್ಟು ಹೋಗುವುದುಂಟು.

ಒಂದು ಲೆಕ್ಕ

ಕ್ಲಚ್ ದಾಟಿಸಬಲ್ಲ ಟಾರ್ಕ್ (ತಿರುಗಿಸುವ ಬಲ) ಅಂದರೆ ಘರ್ಷಣೆಯ ಗುಣಾಂಕ, ಒತ್ತುವ ಬಲ, ಪ್ಲೇಟ್‌ನ ಸರಾಸರಿ ತ್ರಿಜ್ಯ, ಈ ಮೂರರ ಗುಣಲಬ್ಧ. ಪ್ಲೇಟ್‌ಗೆ ಎರಡು ಮುಖ ಇರುವುದರಿಂದ ಅದರ ಎರಡರಷ್ಟು. ಉದಾಹರಣೆಗೆ ಗುಣಾಂಕ 0.3, ಬಲ 3000 ನ್ಯೂಟನ್, ತ್ರಿಜ್ಯ 0.08 ಮೀಟರ್ ಎಂದಿಟ್ಟುಕೊಳ್ಳೋಣ. ಉತ್ತರ 144 ನ್ಯೂಟನ್ ಮೀಟರ್. ಎಂಜಿನ್ ಕೊಡುವುದು ಹೆಚ್ಚೆಂದರೆ 90 ಇದ್ದರೆ ಧಾರಾಳ ಸಾಕು.

ಬೇರಿಂಗ್ ಒತ್ತಿಕೊಂಡು ಬಲ ಅರ್ಧಕ್ಕೆ ಇಳಿಯಿತು ಅನ್ನಿ. ಉಳಿಯುವುದು 72. ನಿಧಾನವಾಗಿ ಓಡಿಸುವಾಗ ಎಂಜಿನ್ 40 ಅಥವಾ 50 ಮಾತ್ರ ಕೊಡುತ್ತಿರುತ್ತದೆ, ಹಾಗಾಗಿ ಏನೂ ಗೊತ್ತಾಗುವುದಿಲ್ಲ. ಏರು ಬಂದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ 90 ಬರುತ್ತದೆ, ಜಾರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿಯೇ ಇತ್ತು ಎಂದು ಕಾರು ಮಾರುವವರು ಹೇಳಿದರೆ ಅದು ಸುಳ್ಳೇ ಆಗಿರಬೇಕಿಲ್ಲ. ಎಣ್ಣೆ ಬಿದ್ದು ಗುಣಾಂಕ 0.1ಕ್ಕೆ ಇಳಿದರೆ ಉಳಿಯುವುದು 48 ಮಾತ್ರ. ಅದನ್ನು ಯಾವ ನಟ್ ತಿರುಗಿಸಿಯೂ ಸರಿಪಡಿಸಲಾಗದು.

ಪರೀಕ್ಷೆಗಳು

ಜಾರುತ್ತಿದೆಯೇ ಎಂದು ನೋಡಲು ಎಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ, ಸ್ವಲ್ಪ ಏರು ಇದ್ದರೆ ಇನ್ನೂ ಒಳ್ಳೆಯದು, ನಾಲ್ಕನೇ ಗೇರ್‌ನಲ್ಲಿ 50 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಒಂದೇ ಗೇರ್‌ನಲ್ಲಿ ಇರುವಾಗ ಎಂಜಿನ್ ವೇಗವೂ ಗಾಡಿಯ ವೇಗವೂ ಜೊತೆಯಲ್ಲೇ ಏರಬೇಕು. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದರ) ಮುಳ್ಳು ಹಾರಿ, ಸ್ಪೀಡ್ ಮುಳ್ಳು ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಆರ್‌ಪಿಎಂ ಮೀಟರ್ ಇಲ್ಲದ ಕಾರಿನಲ್ಲಿ ಕಿವಿಯೇ ಸಾಕು. ಸುಟ್ಟ ವಾಸನೆಯೂ ಬಂದರೆ ಅನುಮಾನ ಬೇಡ. ಮೊದಲ ಗೇರ್‌ನಲ್ಲಿ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಅಲ್ಲಿ ಎಂಜಿನ್ ಹೇಗೂ ಸರ್ರನೆ ಏರುತ್ತದೆ, ವ್ಯತ್ಯಾಸ ತಿಳಿಯುವುದಿಲ್ಲ.

ನಿಂತಲ್ಲೇ ಮಾಡುವ ಪರೀಕ್ಷೆಯೂ ಇದೆ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಫುಟ್‌ಬ್ರೇಕ್ ಕೂಡ ಒತ್ತಿ, ನಾಲ್ಕನೇ ಗೇರ್ ಹಾಕಿ, ಕ್ಲಚ್ ನಿಧಾನವಾಗಿ ಪೂರ್ತಿ ಬಿಡಿ. ಎಂಜಿನ್ ತಕ್ಷಣ ನಿಂತರೆ ಹಿಡಿತ ಪರವಾಗಿಲ್ಲ. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಮುಗಿದಿದೆ, ಇಲ್ಲವೇ ಫ್ರೀ ಪ್ಲೇ ಮುಗಿದಿದೆ. ಕಾರಿನ ಮುಂದೆ ಯಾರೂ ಇರಬಾರದು. ಮತ್ತೆ ಮತ್ತೆ ಮಾಡಬೇಡಿ, ಪರೀಕ್ಷೆಯೇ ಪ್ಲೇಟ್ ಸುಡುತ್ತದೆ.

ಇದರ ಎದುರು ದೋಷ ಎಂದರೆ ಪೆಡಲ್ ಒತ್ತಿದರೂ ಪ್ಲೇಟ್ ಪೂರ್ತಿ ಬಿಡುಗಡೆಯಾಗದಿರುವುದು. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ) ಪೆಡಲ್ ಪೂರ್ತಿ ಒತ್ತಿ, ಮೂರು ನಾಲ್ಕು ಸೆಕೆಂಡ್ ಕಾದು, ರಿವರ್ಸ್ ಹಾಕಿ. ಹಲವು ಸಣ್ಣ ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊಮೆಶ್ (ಗೇರ್‌ಗಳ ವೇಗ ಸರಿಹೊಂದಿಸಿ ಸದ್ದಿಲ್ಲದೆ ಸೇರಿಸುವ ಭಾಗ) ಇರುವುದಿಲ್ಲ, ಹಾಗಾಗಿ ಅದು ಏನನ್ನೂ ಮುಚ್ಚಿಡುವುದಿಲ್ಲ. ಕಾದ ಮೇಲೂ ಕರಕರ ಎಂದರೆ ಪ್ಲೇಟ್ ಇನ್ನೂ ಸ್ವಲ್ಪ ತಿರುಗುತ್ತಿದೆ. ಕಾರಣ ಹೆಚ್ಚಾಗಿ ಅತಿಯಾದ ಫ್ರೀ ಪ್ಲೇ. ಆದರೆ ಮೊದಲು ಕೆಳಗೆ ನೋಡಿ: ಮಡಚಿಕೊಂಡ ಮ್ಯಾಟ್ ಪೆಡಲ್ ಅಡಿ ಸೇರಿಕೊಂಡು ಪೂರ್ತಿ ಇಳಿಯಲು ಬಿಡದೆ ಇರಬಹುದು. ನಗುವಂಥ ವಿಷಯ ಏನಲ್ಲ, ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಮುಂಚೆ ನೋಡಲೇಬೇಕಾದ್ದು. ಪೆಡಲ್ ಕೂರಿಸಿದ ತಗಡಿನ ಗೋಡೆ ಬಿರುಕು ಬಿಟ್ಟು ಬಾಗುತ್ತಿದ್ದರೂ ಇದೇ ಲಕ್ಷಣ ಬರುತ್ತದೆ.

ಶಬ್ದದ ವಿಷಯ ಚಿಕ್ಕದು. ಪೆಡಲ್ ಒತ್ತಿದಾಗ ಶಬ್ದ ಬಂದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಶಬ್ದ ಇದ್ದು, ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಒಳಗಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ. ಹೊರಡುವಾಗ ಕಾರು ಅದುರಿದರೆ ಪ್ಲೇಟ್ ಮೇಲೆ ಎಣ್ಣೆ, ಫ್ಲೈವೀಲ್ ಮೇಲೆ ಸುಟ್ಟ ಕಲೆ, ಇಲ್ಲವೇ ಹಳೆಯ ಎಂಜಿನ್ ಮೌಂಟಿಂಗ್.

ಹೊಂದಿಸುವುದು

ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ, ಚಕ್ರಗಳಿಗೆ ಅಡ್ಡ ಇಡಿ. ಪೆಡಲ್ ಪಕ್ಕ ಸ್ಕೇಲ್ ನಿಲ್ಲಿಸಿ ಕೈಯಿಂದ ಒತ್ತಿ ಅಳೆಯಿರಿ. ಕಾಲಿಂದ ಒತ್ತಿದರೆ ಬಿಗಿ ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ. ಅಳತೆ ಬರೆದಿಟ್ಟುಕೊಳ್ಳಿ.

ಕೇಬಲ್‌ನ ಇನ್ನೊಂದು ತುದಿ ಗೇರ್‌ಬಾಕ್ಸ್ ಮೇಲೆ ಫೋರ್ಕ್‌ನ ತೋಳಿಗೆ ಸೇರುತ್ತದೆ. ಅಲ್ಲಿ ಥ್ರೆಡ್ ಇರುವ ಕಡ್ಡಿ, ಹೊಂದಿಸುವ ನಟ್, ಕೆಲವದರಲ್ಲಿ ಜೊತೆಗೆ ಲಾಕ್ ನಟ್ ಇರುತ್ತವೆ. ಕಡ್ಡಿ ತಿರುಗದಂತೆ ಹಿಡಿದುಕೊಳ್ಳಿ, ಇಲ್ಲದಿದ್ದರೆ ಒಳಗಿನ ತಂತಿ ತಿರುಚಿಕೊಳ್ಳುತ್ತದೆ. ನಟ್ ಬಿಗಿ ಮಾಡಿದರೆ ಪ್ಲೇ ಕಡಿಮೆ, ಸಡಿಲಿಸಿದರೆ ಜಾಸ್ತಿ. ಕೇಬಲ್‌ನ ಹೊರಕವಚದಲ್ಲಿ ಹೊಂದಿಸುವ ವ್ಯವಸ್ಥೆ ಇರುವ ಕಾರುಗಳೂ ಇವೆ. ಅಲ್ಲಿ ಒಂದು ಸುತ್ತು ತಿರುಗಿಸಿ, ಪ್ಲೇ ಯಾವ ಕಡೆ ಹೋಯಿತು ನೋಡಿ ಮುಂದುವರಿಯಿರಿ.

ಅರ್ಧರ್ಧ ಸುತ್ತು ಮಾತ್ರ ತಿರುಗಿಸಿ. ಫೋರ್ಕ್ ತುದಿಯ ಸಣ್ಣ ಚಲನೆ ಪೆಡಲ್‌ನಲ್ಲಿ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ. ಈ ಅನುಪಾತ 6 ಇದ್ದು, ಥ್ರೆಡ್ ಅಂತರ 1 ಮಿ.ಮೀ. ಇದ್ದರೆ, ಒಂದು ಪೂರ್ತಿ ಸುತ್ತಿಗೆ ಪೆಡಲ್‌ನಲ್ಲಿ 6 ಮಿ.ಮೀ. ಬದಲಾಗುತ್ತದೆ. ಹೊಂದಿಸಿದ ಮೇಲೆ ಪೆಡಲ್ ಹತ್ತು ಸಲ ಪೂರ್ತಿ ಒತ್ತಿ ಬಿಟ್ಟು ಮತ್ತೆ ಅಳೆಯಿರಿ, ಕೇಬಲ್ ಕೂತುಕೊಂಡು ಅಳತೆ ಬದಲಾಗುವುದುಂಟು. ಆಮೇಲೆ ಜಾರುವ ಪರೀಕ್ಷೆ, ರಿವರ್ಸ್ ಪರೀಕ್ಷೆ ಎರಡನ್ನೂ ಮಾಡಿ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುವುದು ಇಲ್ಲಿ ಬಹಳ ಸುಲಭ.

ಹಳೇ ಕಾರು ಕೊಳ್ಳುವವರಿಗೆ ನನ್ನ ಸಲಹೆ: ಪೆಡಲ್‌ಗಿಂತ ಆ ಥ್ರೆಡ್ ಅನ್ನು ಹೆಚ್ಚು ನಂಬಿ. ನಟ್ ಕಡ್ಡಿಯ ತುದಿಗೇ ಬಂದು ನಿಂತಿದ್ದರೆ, ಪ್ಲೇಟ್ ಸವೆದ ಹಾಗೆಲ್ಲ ಯಾರೋ ಸಡಿಲಿಸುತ್ತಾ ಬಂದಿದ್ದಾರೆ. ಇನ್ನು ಸಡಿಲಿಸಲು ಜಾಗವಿಲ್ಲ, ಪ್ಲೇಟ್ ಬದಲಿಸುವ ಸಮಯ ಹತ್ತಿರ. ತುಕ್ಕು ಹಿಡಿದ ಕಡ್ಡಿಯಲ್ಲಿ ನಾಲ್ಕಾರು ಥ್ರೆಡ್ ಮಾತ್ರ ಹೊಳೆಯುತ್ತಿದ್ದರೆ ನಟ್ ಇತ್ತೀಚೆಗೆ ಸರಿದಿದೆ. ಅದೇ ನಟ್ ಪೂರ್ತಿ ಒಳಗೆ ಬಿಗಿದಿದ್ದೂ ಪ್ಲೇ ಜಾಸ್ತಿ ಇದ್ದರೆ ಕೇಬಲ್ ನೋಡಿ. ಎಳೆ ಕಿತ್ತು ಮೀಸೆಯಂತೆ ನಿಂತಿದ್ದರೆ ಅದು ದಾರಿಯಲ್ಲಿ ಕೈಕೊಡುವ ಮೊದಲೇ ಬದಲಿಸಿ.

ಈ ಲೆಕ್ಕ ಎಲ್ಲ ಕಾರಿಗೂ ಹೊಂದುವುದಿಲ್ಲ. ತಾನೇ ಹೊಂದಿಕೊಳ್ಳುವ ಕೇಬಲ್ ಇರುವ ಕಾರುಗಳಲ್ಲಿ ಫ್ರೀ ಪ್ಲೇ ಕಾಣದಿರುವುದೇ ಸಹಜ. ಕೇಬಲ್ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್‌ನಲ್ಲಿ ಸವಕಳಿಯನ್ನು ದ್ರವವೇ ಸರಿದೂಗಿಸುತ್ತದೆ. ಬ್ರೇಕ್ ಪ್ಯಾಡ್ ಸವೆದರೆ ಡಬ್ಬಿಯಲ್ಲಿ ದ್ರವ ಇಳಿಯುತ್ತದೆ, ಕ್ಲಚ್ ಪ್ಲೇಟ್ ಸವೆದರೆ ಸ್ವಲ್ಪ ಏರುತ್ತದೆ, ಯಾಕೆಂದರೆ ಬೆರಳುಗಳು ಪಿಸ್ಟನ್ ಅನ್ನು ಹಿಂದಕ್ಕೆ ತಳ್ಳುತ್ತವೆ. ಕ್ಲಚ್ ಡಬ್ಬಿಯಲ್ಲಿ ದ್ರವ ಇಳಿಯುತ್ತಿದ್ದರೆ ಅದು ಸೋರಿಕೆ, ಸವಕಳಿಯಲ್ಲ.

ಬಿಚ್ಚುವ ಹಂತ

ಸರಿಯಾದ ಪ್ಲೇ ಇದ್ದೂ ಜಾರಿದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಪ್ಲೇಟ್‌ನ ಲೈನಿಂಗ್ (ಉಜ್ಜಿ ಸವೆಯುವ ಹೊರಪದರ) ಮೇಲ್ಮೈಯಿಂದ ರಿವೆಟ್ ತಲೆ ಎಷ್ಟು ಆಳದಲ್ಲಿದೆ ಅಳೆಯುತ್ತಾರೆ. 0.3ರಿಂದ 0.5 ಮಿ.ಮೀ.ಗೆ ಬಂದಿದ್ದರೆ ಸಾಮಾನ್ಯವಾಗಿ ಬದಲಿಸುತ್ತಾರೆ. ಧೂಳನ್ನು ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒಳಗೆ ಎಣ್ಣೆ ಕಂಡರೆ ಮೊದಲು ಸೀಲ್ ಬದಲಿಸಿ, ಇಲ್ಲದಿದ್ದರೆ ಹೊಸ ಪ್ಲೇಟ್‌ಗೂ ಅದೇ ಗತಿ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕುವುದೇ ಸರಿ, ಬಿಚ್ಚುವ ದುಡಿಮೆಯೇ ದೊಡ್ಡದು.

ಹೊಸದು ಕೂರಿಸಿದ ಮೇಲೆ ನಟ್ ಅನ್ನು ಹಳೇ ಜಾಗದಲ್ಲೇ ಬಿಡಬೇಡಿ. ಅದು ತೆಳು ಪ್ಲೇಟ್‌ಗೆ ಸಡಿಲಿಸಿದ್ದ ಜಾಗ. ಹೊಸ ಪ್ಲೇಟ್ ದಪ್ಪ ಇರುವುದರಿಂದ ಬೆರಳುಗಳು ಬೇರಿಂಗ್‌ನಿಂದ ದೂರ ಹೋಗಿರುತ್ತವೆ, ಪ್ಲೇ ವಿಪರೀತವಾಗಿ ರಿವರ್ಸ್ ಕರಕರ ಎನ್ನುತ್ತದೆ. ಮೊದಲಿಂದ ಹೊಂದಿಸಿ, ಕೆಲವು ನೂರು ಕಿ.ಮೀ. ಓಡಿ ಪ್ಲೇಟ್ ಕೂತುಕೊಂಡ ಮೇಲೆ ಮತ್ತೊಮ್ಮೆ ಅಳೆಯಿರಿ.