ಬೈಬಲ್ಲಿನ ಇಸ್ರಾಯೇಲ್, ಪೇಪರಿನ ಇಸ್ರೇಲ್

ಕನ್ನಡ ಬೈಬಲ್ ತೆರೆದರೆ ‘ಇಸ್ರಾಯೇಲ್’ ಅಂತ ಇರುತ್ತದೆ. ಬೆಳಗಿನ ಪೇಪರಿನಲ್ಲಿ ‘ಇಸ್ರೇಲ್’. ಇವೆರಡೂ ಒಂದೇನಾ? ಗಾಜಾದ ಸುದ್ದಿ ಬಂದಾಗೆಲ್ಲ ಕ್ರೈಸ್ತರ ನಡುವೆ ಈ ಪ್ರಶ್ನೆ ಏಳುತ್ತದೆ. ಒಬ್ಬರು ಯೆಹೆಜ್ಕೇಲನ 37ನೇ ಅಧ್ಯಾಯ ತೆಗೆದು, ಒಣಗಿದ ಎಲುಬುಗಳು ಎದ್ದು ನಿಂತದ್ದು 1948ರಲ್ಲೇ, ಇಸ್ರೇಲ್ ರಾಜ್ಯ ಹುಟ್ಟಿದಾಗಲೇ ಎನ್ನುತ್ತಾರೆ. ಇನ್ನೊಬ್ಬರು, ಆ ವಾಗ್ದಾನವೆಲ್ಲ ಕ್ರಿಸ್ತನಲ್ಲೇ ನೆರವೇರಿತು ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಇರುವುದು ಅದೇ ಪುಸ್ತಕ.

ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದರು. ಆಮೇಲೆ ಸುಮಾರು 1500 ವರ್ಷ ಕ್ರೈಸ್ತ ಸಭೆಯಲ್ಲಿ ಹೆಚ್ಚಾಗಿ ನಡೆದುಬಂದ ಬೋಧನೆ ಒಂದೇ: ಸಭೆಯೇ ಹೊಸ ಇಸ್ರಾಯೇಲ್, ವಾಗ್ದಾನಗಳೆಲ್ಲ ಈಗ ಅದಕ್ಕೇ ಸೇರಿದ್ದು. ‘ಅವರನ್ನು ಕೊಲ್ಲಬೇಡ’ ಎಂಬ 59ನೇ ಕೀರ್ತನೆಯ ಮಾತು ಹಿಡಿದು, ಆರಂಭದ ಸಭೆಯ ದೊಡ್ಡ ಬೋಧಕ ಅಗಸ್ಟೀನ್, ಯೆಹೂದ್ಯರು ಚದುರಿಯೇ ಬದುಕಿರಲಿ, ನಮ್ಮ ಗ್ರಂಥಕ್ಕೆ ಸಾಕ್ಷಿಗಳಾಗಿರಲಿ ಎಂದರು. ಯುರೋಪಿನಲ್ಲಿ ಅವರು ಹಾಗೇ ಬದುಕಿದರು, ಓಡಿಸಿಕೊಳ್ಳುತ್ತಾ. ಇಂಗ್ಲೆಂಡ್ 1290ರಲ್ಲಿ ಅವರೆಲ್ಲರನ್ನೂ ಹೊರಹಾಕಿತು.

ತಿರುವು ಬಂದದ್ದೂ ಅದೇ ಇಂಗ್ಲೆಂಡಿನಲ್ಲಿ. ಬೈಬಲ್ ಜನರ ಭಾಷೆಗೆ ಬಂದ ಮೇಲೆ ಹಳೇ ಒಡಂಬಡಿಕೆಯನ್ನು ಮನೆಮನೆಯಲ್ಲಿ ಓದತೊಡಗಿದರು. 1621ರಲ್ಲಿ ಹೆನ್ರಿ ಫಿಂಚ್ ಎಂಬ ವಕೀಲರು ಒಂದು ಪುಸ್ತಕ ಬರೆದರು. ಪ್ರವಾದಿಗಳು ‘ಇಸ್ರಾಯೇಲ್’, ‘ಚೀಯೋನ್’ (ಯೆರೂಸಲೇಮಿನ ಗುಡ್ಡ) ಅಂದರೆ ಸಭೆ ಅಂತ ಅರ್ಥ ಅಲ್ಲ, ಯಾಕೋಬನ ವಂಶದವರೇ, ಅವರು ತಮ್ಮ ನಾಡಿಗೆ ಮರಳುತ್ತಾರೆ ಎಂಬುದು ಅವರ ವಾದ. ಲೋಕದ ರಾಜರೆಲ್ಲ ಆ ರಾಜ್ಯಕ್ಕೆ ತಲೆಬಾಗುತ್ತಾರೆ ಅಂತಲೂ ಬರೆದದ್ದಕ್ಕೆ ದೊರೆ ಒಂದನೇ ಜೇಮ್ಸ್ ಸಿಟ್ಟಾಗಿ ಅವರನ್ನು ಸೆರೆಗೆ ಹಾಕಿಸಿದರು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬಹಿರಂಗವಾಗಿ ಬದುಕುವ ಯೆಹೂದ್ಯರೇ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಎದುರಿಗೆ ಇಲ್ಲದ ಜನರ ಬಗ್ಗೆ, ಪುಸ್ತಕದಿಂದಲೇ ಹುಟ್ಟಿದ ಪ್ರೀತಿ ಅದು.

ಇನ್ನೂರು ವರ್ಷ ಇದು ಪುಸ್ತಕ, ಪ್ರಸಂಗಗಳಲ್ಲೇ ಉಳಿಯಿತು. ಸರ್ಕಾರದ ಬಾಗಿಲಿಗೆ ಬಂದದ್ದು 1838ರ ಸುಮಾರಿಗೆ.

ಆ ವರ್ಷ ಬ್ರಿಟನ್ ಯೆರೂಸಲೇಮಿಗೆ ತನ್ನ ಪ್ರತಿನಿಧಿಯಾಗಿ ಒಬ್ಬ ಕಾನ್ಸುಲ್ ಅನ್ನು ನೇಮಿಸಿತು. ಅದರ ಹಿಂದೆ ಓಡಾಡಿದವರು ಲಾರ್ಡ್ ಆಶ್ಲಿ, ಮುಂದೆ ಶಾಫ್ಟ್ಸ್‌ಬರಿಯ ಅರ್ಲ್ ಆದವರು. ಗಣಿಗಳಲ್ಲಿ, ಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳಿಗಾಗಿ ಕಾನೂನು ತರಲು ಹೋರಾಡಿದ ದೊಡ್ಡ ಮನಸ್ಸಿನ ಮನುಷ್ಯ. ‘ಯೆರೂಸಲೇಮಿಗಾಗಿ ಪ್ರಾರ್ಥಿಸಿರಿ’ ಎಂಬ ಕೀರ್ತನೆಯ ಮಾತನ್ನು ಕೆತ್ತಿಸಿದ ಉಂಗುರ ಹಾಕಿಕೊಳ್ಳುತ್ತಿದ್ದರು. ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್ ಅವರಿಗೆ ನೆಂಟರು, ಆಶ್ಲಿಯ ಹೆಂಡತಿಯ ತಾಯಿಯನ್ನು ಮದುವೆಯಾದವರು. 1840ರಲ್ಲಿ ಆಶ್ಲಿ ಅವರ ಹತ್ತಿರ ಯೆಹೂದ್ಯರ ಮರಳುವಿಕೆಯ ಮಾತೆತ್ತಿದರು. ಆದರೆ ಪ್ರವಾದನೆ ಎಂದರೆ ಮಂತ್ರಿಗೆ ನಾಟುವುದಿಲ್ಲ. ಅದಕ್ಕೇ ವ್ಯಾಪಾರ, ಹಣ, ರಾಜಕೀಯದ ಲಾಭ ಹೇಳಬೇಕಾಯಿತು ಅಂತ ದಿನಚರಿಯಲ್ಲಿ ನೊಂದುಕೊಂಡು ಬರೆದರು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಮುಖ್ಯ ಅನಿಸುವುದು ಆ ಸಾಲುಗಳೇ. ನಂಬಿಕೆ ಸಾಮ್ರಾಜ್ಯದ ಲೆಕ್ಕದ ಜೊತೆ ಕೈ ಜೋಡಿಸಿದ್ದು ಅಲ್ಲಿ. ಆ ಕೈ ಮತ್ತೆ ಸುಲಭವಾಗಿ ಬಿಡಲಿಲ್ಲ.

ಇದೇ ಶಾಫ್ಟ್ಸ್‌ಬರಿ ಯೆಹೂದ್ಯರು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕೂರುವುದನ್ನು ವರ್ಷಗಟ್ಟಲೆ ವಿರೋಧಿಸಿದರು. 1847ರಲ್ಲೇ ಗೆದ್ದಿದ್ದ ಲಯನಲ್ ಡಿ ರಾಥ್‌ಚೈಲ್ಡ್ ಸದನದಲ್ಲಿ ಕೂರಲು 1858ರವರೆಗೆ ಕಾಯಬೇಕಾಯಿತು. ಯೆರೂಸಲೇಮಿನಲ್ಲಿ ಯೆಹೂದ್ಯರಿಗೆ ನೆಲೆ ಬೇಕು, ಲಂಡನ್ನಿನಲ್ಲಿ ಕುರ್ಚಿ ಬೇಡ. ಅವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ.

ಇನ್ನೊಬ್ಬರ ಕಥೆ ನಮ್ಮ ಕಾಶಿಯಲ್ಲಿ ಶುರುವಾಗುತ್ತದೆ. 1845ರಲ್ಲಿ ಅಲ್ಲಿ ಒಬ್ಬ ಮಿಷನರಿಯ ಮಗನಾಗಿ ಹುಟ್ಟಿದವರು ವಿಲಿಯಂ ಹೆಕ್ಲರ್. ಮುಂದೆ ವಿಯೆನ್ನಾದ ಬ್ರಿಟಿಷ್ ದೂತಾವಾಸದಲ್ಲಿ ಪಾದ್ರಿಯಾದರು. ಅವರದ್ದೊಂದು ಲೆಕ್ಕ ಇತ್ತು. ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆಯ 11ನೇ ಅಧ್ಯಾಯದಲ್ಲಿ ಪವಿತ್ರ ಪಟ್ಟಣವನ್ನು 42 ತಿಂಗಳು ತುಳಿದಾಡುತ್ತಾರೆ ಅಂತಿದೆ. ತಿಂಗಳಿಗೆ 30 ದಿನ ಹಿಡಿದರೆ 1260. ದಿನವನ್ನು ವರ್ಷವೆಂದು ತಗೊಂಡು, ಖಲೀಫ ಉಮರ್ ಯೆರೂಸಲೇಮನ್ನು ಗೆದ್ದ 637-38ಕ್ಕೆ ಕೂಡಿಸಿದರೆ 1897-98. ಅಷ್ಟರಲ್ಲಿ 1896ರಲ್ಲಿ ವಿಯೆನ್ನಾದ ಯೆಹೂದಿ ಪತ್ರಕರ್ತ ಥಿಯೋಡರ್ ಹರ್ಜ್ಲ್ ಯೆಹೂದ್ಯರಿಗೊಂದು ರಾಜ್ಯ ಬೇಕು ಎಂಬ ಪುಸ್ತಕ ತಂದರು. ಹೆಕ್ಲರ್ ಹುಡುಕಿಕೊಂಡು ಅವರ ಮನೆಗೇ ಹೋದರು. ಹರ್ಜ್ಲ್ ಇವರ ಮನೆಗೆ ಬಂದಾಗ ಗೋಡೆ ತುಂಬಾ ಬೈಬಲ್‌ಗಳು, ನೆಲದ ಮೇಲೆ ಪ್ಯಾಲೆಸ್ಟೈನಿನ ದೊಡ್ಡ ನಕ್ಷೆ. ದೇವಭಕ್ತಿಯ ಹಂಗಿಲ್ಲದ ಆ ಪತ್ರಕರ್ತನನ್ನು ಬಾಡೆನ್ನಿನ ಗ್ರ್ಯಾಂಡ್ ಡ್ಯೂಕರಿಗೆ ಪರಿಚಯಿಸಿದ್ದೇ ಹೆಕ್ಲರ್. ಜರ್ಮನಿಯ ಕೈಸರ್‌ವರೆಗೆ ದಾರಿ ತೆರೆದದ್ದು ಆ ಪರಿಚಯ. 1897ರಲ್ಲಿ ಬಾಸೆಲ್‌ನಲ್ಲಿ ಮೊದಲ ಜಿಯೋನಿಸ್ಟ್ ಕಾಂಗ್ರೆಸ್, ಅಂದರೆ ಯೆಹೂದ್ಯರಿಗೆ ಸ್ವಂತ ನೆಲೆ ಬೇಕೆನ್ನುವವರ ಸಮ್ಮೇಳನ, ಸೇರಿತು. ಲೆಕ್ಕ ಸರಿಬಂತು ಅಂತ ಹೆಕ್ಲರ್‌ಗೆ ಅನಿಸಿದ್ದರೆ ಆಶ್ಚರ್ಯವಿಲ್ಲ, ಅಲ್ವಾ?

ಈ ನಡುವೆ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರು ಬೇರೊಂದು ದಾರಿ ಹಾಕಿದ್ದರು. ದೇವರಿಗೆ ಎರಡು ಜನಾಂಗ, ಭೂಮಿಯ ವಾಗ್ದಾನ ಇಸ್ರಾಯೇಲಿಗೆ, ಪರಲೋಕದ್ದು ಸಭೆಗೆ ಎಂಬ ಬೋಧನೆ ಅದು. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲ್ ಇದನ್ನು ಅಡಿಟಿಪ್ಪಣಿಗಳಾಗಿ ಅಚ್ಚುಮಾಡಿತು. ಅಮೆರಿಕದಲ್ಲಿ ಅದು ಮನೆಮಾತಾಯಿತು. ಟಿಪ್ಪಣಿ ಯಾವುದು, ವಚನ ಯಾವುದು ಎಂಬ ಗೆರೆ ಎಷ್ಟೋ ಓದುಗರಿಗೆ ಅಳಿಸಿಹೋಯಿತು.

ಪ್ಯಾಲೆಸ್ಟೈನಿನಲ್ಲಿ ಯೆಹೂದ್ಯರಿಗೆ ನೆಲೆ ಒದಗಿಸಲು ನೆರವಾಗುತ್ತೇವೆ ಎಂದು ಬ್ರಿಟನ್ ಮಾತು ಕೊಟ್ಟ 1917ರ ನವೆಂಬರ್ 2ರ ಬಾಲ್‌ಫೋರ್ ಘೋಷಣೆಗೆ ಯುದ್ಧದ ಲೆಕ್ಕಾಚಾರಗಳೇ ಜಾಸ್ತಿ. ಆದರೆ ಆಗಿನ ಪ್ರಧಾನಿ ಲಾಯ್ಡ್ ಜಾರ್ಜ್ ಬೈಬಲ್ ಓದಿಯೇ ಬೆಳೆದವರು. ಕಟುವಾಗಿ ವಿರೋಧಿಸಿದ್ದು ಬ್ರಿಟಿಷ್ ಸರ್ಕಾರದಲ್ಲಿ ಭಾರತದ ವ್ಯವಹಾರಗಳ ಮಂತ್ರಿಯಾಗಿದ್ದ ಎಡ್ವಿನ್ ಮಾಂಟೆಗು, ಸ್ವತಃ ಯೆಹೂದ್ಯರು. ಮರುವರ್ಷ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಕುದುರೆಪಡೆಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಆ ಘೋಷಣೆ ಅಲ್ಲಿನ ಉಳಿದ ಜನರನ್ನು ‘ಯೆಹೂದ್ಯೇತರ ಸಮುದಾಯಗಳು’ ಎಂದಷ್ಟೇ ಕರೆದಿತ್ತು. 1922ರ ಜನಗಣತಿಯಲ್ಲಿ ಏಳೂವರೆ ಲಕ್ಷ ಜನರಿದ್ದರು. ಯೆಹೂದ್ಯರು 84 ಸಾವಿರದಷ್ಟು. ಅರಬ್ ಕ್ರೈಸ್ತರೇ ಹೆಚ್ಚಾಗಿದ್ದ ಕ್ರೈಸ್ತರ ಸಂಖ್ಯೆ 70 ಸಾವಿರಕ್ಕೂ ಜಾಸ್ತಿ.

ಆಮೇಲೆ ಹಿಟ್ಲರನ ಕಾಲದಲ್ಲಿ 60 ಲಕ್ಷ ಯೆಹೂದ್ಯರ ಕೊಲೆಯಾಯಿತು. ಕ್ರೈಸ್ತ ಯುರೋಪಿನ ನಡುವೆಯೇ ಅದು ನಡೆಯಿತು. ಅವರಿಗೊಂದು ನೆಲೆ ಬೇಕು ಎಂಬ ಮಾತಿಗೆ ಅದಾದ ಮೇಲೆ ಯಾವ ಪ್ರವಾದನೆಯ ಬೆಂಬಲವೂ ಬೇಕಿರಲಿಲ್ಲ. ಸಭೆಗಳೂ ತಮ್ಮ ಹಳೇ ಬೋಧನೆಯನ್ನು ನೋಡಿ ನಾಚಿದವು. 1904ರಲ್ಲಿ ಹರ್ಜ್ಲ್‌ಗೆ ಬೆಂಬಲ ಕೊಡಲಾಗದು ಎಂದಿದ್ದ ಕ್ಯಾಥೊಲಿಕ್ ಸಭೆ, ಯೇಸುವಿನ ಸಾವಿನ ದೋಷವನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಬಾರದೆಂದು 1965ರಲ್ಲಿ ಸಾರಿತು. 1993ರಲ್ಲಿ ಇಸ್ರೇಲ್ ಜೊತೆ ಸಂಬಂಧದ ಒಪ್ಪಂದಕ್ಕೆ ಸಹಿ ಹಾಕಿತು. ಇತ್ತ 1967ರಲ್ಲಿ ಹಳೇ ಯೆರೂಸಲೇಮ್ ಇಸ್ರೇಲಿನ ಕೈಸೇರಿದಾಗ ಅಮೆರಿಕದ ಎಷ್ಟೋ ಪಾಸ್ಟರ್‌ಗಳು ಕಡೇ ದಿನಗಳ ಗಡಿಯಾರ ಓಡತೊಡಗಿತು ಎಂದರು. 2018ರಲ್ಲಿ ಅಮೆರಿಕದ ದೂತಾವಾಸ ಯೆರೂಸಲೇಮಿನಲ್ಲಿ ತೆರೆದಾಗ ಪ್ರಾರ್ಥಿಸಲು ಅಂಥ ಪಾಸ್ಟರ್‌ಗಳಿದ್ದರು. ಅದಕ್ಕೂ ಮೊದಲೇ, 2006ರಲ್ಲಿ, ಯೆರೂಸಲೇಮಿನ ಕೆಲವು ಸಭೆಗಳ ಮುಖ್ಯಸ್ಥರು ಈ ಬೋಧನೆ ತಪ್ಪು ಅಂತ ಬರೆದು ಸಹಿ ಹಾಕಿದ್ದರು.

ಆ ನಾಡಿನ ಕ್ರೈಸ್ತರ ಮಾತು ಈ ವಾದದಲ್ಲಿ ಕೇಳಿಸುವುದೇ ಕಡಿಮೆ. ನಯೀಮ್ ಅತೀಕ್ ಎಂಬ ಆಂಗ್ಲಿಕನ್ ಪಾದ್ರಿ ಬೈಸಾನ್ ಎಂಬ ಊರಿನವರು. 1948ರಲ್ಲಿ ಅವರಿಗೆ 11 ವರ್ಷ. ಸೈನಿಕರು ಊರು ಬಿಡಿಸಿದಾಗ ಕುಟುಂಬ ನಜರೇತಿಗೆ ಹೋಯಿತು. ಅದಾದ ಮೇಲೆ ತಮ್ಮ ಜನರಿಗೆ ಹಳೇ ಒಡಂಬಡಿಕೆ ಓದುವುದೇ ಕಷ್ಟವಾಯಿತು ಅಂತ ಅವರು ಬರೆದಿದ್ದಾರೆ. ನಮಗೆ ಇಸ್ರಾಯೇಲ್, ಇಸ್ರೇಲ್ ಅಂತ ಎರಡು ಬರಹಗಳಿವೆ. ಅರಬ್ಬಿಯಲ್ಲಿ ಇರುವುದು ಒಂದೇ. ಅವರು ಚರ್ಚಿನಲ್ಲಿ ಓದುವ ಕೀರ್ತನೆಯಲ್ಲಿರುವುದೂ ಅದೇ ಪದ, ರೇಡಿಯೋ ಸುದ್ದಿಯಲ್ಲಿ ಬರುವುದೂ ಅದೇ ಪದ.