ಪರಾಂಬರಿಸಬೇಕಾದರೆ ಪುಟ ಬಿಟ್ಟು ಹೊರಗೆ ಬನ್ನಿ

ಪ್ರೌಢಶಾಲಾ ಶಿಕ್ಷಕರಿಗೆ ತರಬೇತಿ ಕೊಡಲು ಹೋದಲ್ಲೆಲ್ಲ ಇದೇ ಮಾತು: "ಇಂಟರ್ನೆಟ್ಟಲ್ಲಿ ಬಂದಿದ್ದನ್ನ ಗಮನವಿಟ್ಟು ಓದ್ರೋ, ಸುಳ್ಳು ಗೊತ್ತಾಗುತ್ತೆ ಅಂತ ಮಕ್ಕಳಿಗೆ ಹೇಳ್ತಾನೇ ಇರ್ತೀವಿ ಸರ್." ಕಾಗುಣಿತ ತಪ್ಪಿದೆಯೇ, ಲೋಗೊ ಇದೆಯೇ, ವಿಳಾಸದ ಕೊನೆಗೆ ಡಾಟ್ ಆರ್ಗ್ ಇದೆಯೇ ಎಂಬ ಪಟ್ಟಿಯೂ ಹಲಗೆಯ ಮೇಲಿರುತ್ತದೆ. ದಯವಿಟ್ಟು ಅದನ್ನು ಅಳಿಸಿಬಿಡಿ. ಮೋಸ ಮಾಡುವವನಿಗೂ ಕಾಗುಣಿತ ಬರುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಹೊರತಂದರು. 10 ಇತಿಹಾಸಕಾರರು, 10 ಫ್ಯಾಕ್ಟ್‌ಚೆಕರ್‌ಗಳು (ಸುದ್ದಿಯ ನಿಜ-ಸುಳ್ಳು ಪರೀಕ್ಷಿಸುವವರು), 25 ವಿದ್ಯಾರ್ಥಿಗಳು. ಅವರ ಮುಂದೆ ಮಕ್ಕಳ ವೈದ್ಯರ ಎರಡು ಸಂಘಗಳ ಜಾಲತಾಣ; ಯಾವುದನ್ನು ಹೆಚ್ಚು ನಂಬಬಹುದೆಂದು ಹೇಳಬೇಕು. ಒಂದು 1930ರಿಂದ ಇರುವ ದೊಡ್ಡ ಸಂಘ. ಇನ್ನೊಂದು, ಸಲಿಂಗಿಗಳು ಮಕ್ಕಳನ್ನು ದತ್ತು ಪಡೆಯುವುದನ್ನು ವಿರೋಧಿಸಿ 2002ರಲ್ಲಿ ಅದರಿಂದ ಸಿಡಿದ ಸಣ್ಣ ಗುಂಪು. ಹೆಚ್ಚಿನ ವಿದ್ಯಾರ್ಥಿಗಳು ಸಣ್ಣ ಗುಂಪನ್ನೇ ನಂಬಿದರು. ಇತಿಹಾಸಕಾರರಲ್ಲೂ ಹಲವರು ಎರಡೂ ಸರಿಯಿರಬಹುದೆಂದರು. ಇವರೆಲ್ಲ ಪುಟದಲ್ಲೇ ಕೂತು ಮೇಲಿಂದ ಕೆಳಗೆ ಓದಿದವರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಬೇಗನೆ ಆ ಪುಟ ಬಿಟ್ಟು, ಹೊಸ ಟ್ಯಾಬ್ ತೆರೆದು, ಈ ಸಂಘದ ಬಗ್ಗೆ ಬೇರೆಯವರು ಏನನ್ನುತ್ತಾರೆಂದು ಹುಡುಕಿದರು. ಅವರಲ್ಲಿ ಒಬ್ಬರೂ ತಪ್ಪಲಿಲ್ಲ.

ಅಮೆರಿಕದ 45 ಜನರ ಅಧ್ಯಯನವನ್ನು ನಮ್ಮ ಶಾಲೆಗಳಿಗೆ ಹಾಗೇ ಅಂಟಿಸಲಾಗದು, ಒಪ್ಪುತ್ತೇನೆ. ಆದರೆ 'ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು' ಎಂದವರು ನಮ್ಮವರೇ ಅಲ್ಲವೇ? ಕಂಡದ್ದನ್ನೇ ಕಣ್ಣರಳಿಸಿ ಮತ್ತೆ ನೋಡಿದರೆ ಪರಾಂಬರಿಸಿದಂತಾಗುವುದಿಲ್ಲ. ಹೊಸ ಬಾಡಿಗೆದಾರ ಹೇಗೆಂದು ತಿಳಿಯಲು ಅವನ ಮುಖ ನೋಡುತ್ತಾ ಕೂರುತ್ತೇವೆಯೇ? ಹಿಂದಿನ ಬೀದಿಯಲ್ಲಿ ವಿಚಾರಿಸುತ್ತೇವೆ. ನಾನು ಹೇಳುವುದು ಇಷ್ಟೇ: ಮೊದಲು ಹೊರಗೆ ಬನ್ನಿ, ವಿಚಾರಿಸಿ, ಓದುವುದು ಆಮೇಲೆ.

ಕಳೆದ ವರ್ಷ ಒಂದು ಹಳ್ಳಿ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿ ಅಮ್ಮನ ಫೋನ್ ತಂದಿದ್ದಳು. ಸ್ತ್ರೀಶಕ್ತಿ ಸಂಘದ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದ ಸುತ್ತೋಲೆ: ಗಂಡಭೇರುಂಡದ ಲಾಂಛನ, ಹಸಿರು ಶಾಯಿಯ ಸಹಿ, ಶುದ್ಧ ಕನ್ನಡ. ಪ್ರತಿ ವಿದ್ಯಾರ್ಥಿಗೆ ₹10,000, ನಾಳೆಯೇ ಕೊನೆ ದಿನ, ಓಟಿಪಿ ಕೊಡಿ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, "ತಪ್ಪೇನೂ ಕಾಣ್ತಿಲ್ಲ" ಎಂದರು.

ಹುಡುಗಿ ಅಂದಳು, "ಸರ್, ಪಂಚಾಯ್ತಿ ಲೈಬ್ರರಿ ಅಕ್ಕನ್ನ ಕೇಳ್ಕೊಂಡು ಬರ್ಲಾ?"

ಲೈಬ್ರರಿಯ ಕಂಪ್ಯೂಟರಿನಲ್ಲಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ನೋಡಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಫೋನ್ ಮಾಡಿಸಿ, ಇಪ್ಪತ್ತು ನಿಮಿಷದಲ್ಲಿ ವಾಪಸ್ ಬಂದಳು. ಅಂಥ ಯೋಜನೆಯೇ ಇರಲಿಲ್ಲ. ಅಮ್ಮನ ಗ್ರೂಪಿಗೆ ಅವಳೇ ವಾಯ್ಸ್ ಮೆಸೇಜ್ ಹಾಕಿದಳು: "ಚಿಕ್ಕಮ್ಮಂದಿರೇ, ಯಾರೂ ಓಟಿಪಿ ಕೊಡಬೇಡಿ." ನನಗೆ ಕಣ್ಣು ತುಂಬಿ ಬಂತು. ಇನ್ನು ನಾಲ್ಕು ವರ್ಷಕ್ಕೆ ಮತದಾರಳಾಗುವ ಹುಡುಗಿ.

ಫೋನ್ ಬ್ಯಾಗಿಗಿಟ್ಟು ಇನ್ನೊಂದು ಕೇಳಿದಳು: "ನಿಜವಾದ ಸ್ಕಾಲರ್‌ಶಿಪ್ ಹೋದ ವರ್ಷದ್ದೇ ಬಂದಿಲ್ಲ ಸರ್. ಮಕ್ಕಳ ಗ್ರಾಮಸಭೇಲಿ ಕೇಳ್ಬೋದಾ?"