ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿ ಉಳಿಯುತ್ತದಾ?

ಬೈಕನ್ನು ಎರಡು ಮೂರು ತಿಂಗಳು ಓಡಿಸೋದಿಲ್ಲ ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಸಲಹೆ: "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ, ಬ್ಯಾಟರಿಗೆ ಏನೂ ಆಗಲ್ಲ." ಮಂಗಳೂರಿನಿಂದ ದುಬೈಗೆ ಹೊರಟ ಅಣ್ಣ ತಮ್ಮನ ಕೈಗೆ ಕೀ ಕೊಟ್ಟು ಹೇಳುವುದೂ ಇದನ್ನೇ. ತಮ್ಮ ಪಾಪ, ಹೇಳಿದ ಹಾಗೇ ಮಾಡುತ್ತಾನೆ. ಅಣ್ಣ ರಜೆಗೆ ಬಂದು ಸೆಲ್ಫ್ ಒತ್ತಿದರೆ ಟಕ್ ಟಕ್ ಅನ್ನುವ ಸದ್ದು ಮಾತ್ರ ಬರುತ್ತದೆ. ತಮ್ಮನನ್ನು ಬೈಯುವ ಮೊದಲು ಬ್ಯಾಟರಿಯೊಳಗೆ ಏನು ನಡೆದಿದೆ ಅಂತ ನೋಡಬೇಕು.

ಬೈಕಿನಲ್ಲಿ ಸಾಮಾನ್ಯವಾಗಿ ಇರುವುದು ಸೀಸದ ಬ್ಯಾಟರಿ: ಒಂದು ಪ್ಲೇಟಿನಲ್ಲಿ ಸೀಸ, ಇನ್ನೊಂದರಲ್ಲಿ ಸೀಸದ ಡೈಆಕ್ಸೈಡ್, ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್. ಇಷ್ಟು ಶಾಲೆಯಲ್ಲೇ ಓದಿರುತ್ತೀರಿ. ಬ್ಯಾಟರಿ ಕರೆಂಟ್ ಕೊಡುವಾಗ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. 1882ರಲ್ಲೇ ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್ ಎಂಬಿಬ್ಬರು ಇದನ್ನು ವಿವರಿಸಿದ್ದರು. ಚಾರ್ಜ್ ಮಾಡಿದರೆ ಸಲ್ಫೇಟ್ ಕರಗಿ ಮತ್ತೆ ಸೀಸ, ಡೈಆಕ್ಸೈಡ್, ಆಸಿಡ್ ಆಗುತ್ತದೆ. ಹಾಗಾಗಿ ಸಲ್ಫೇಟ್ ಹುಟ್ಟುವುದರಲ್ಲಿ ತೊಂದರೆ ಏನಿಲ್ಲ. ಅದು ಅಲ್ಲೇ ಕೂತು ದಪ್ಪಗಾಗುವುದೇ ತೊಂದರೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಬರುತ್ತದೆ. ಆಗಷ್ಟೇ ಹುಟ್ಟಿದ ಸಲ್ಫೇಟ್ ಹರಳುಗಳು ತೀರಾ ಸಣ್ಣವು. ಸಣ್ಣ ಹರಳು ಬೇಗ ಕರಗುತ್ತದೆ, ದೊಡ್ಡ ಹರಳು ಅಷ್ಟು ಬೇಗ ಕರಗುವುದಿಲ್ಲ. ಈಗ ಎರಡನ್ನೂ ಒಂದೇ ದ್ರವದಲ್ಲಿ ಸುಮ್ನೆ ಬಿಡಿ. ಸಣ್ಣವು ಕರಗುತ್ತಾ ಹೋಗುತ್ತವೆ, ಕರಗಿದ್ದೆಲ್ಲ ದೊಡ್ಡವಕ್ಕೆ ಹೋಗಿ ಅಂಟುತ್ತದೆ. ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟು ದಿನಗಟ್ಟಲೆ ಕಾದರೆ ಕಲ್ಲುಸಕ್ಕರೆ ಬೆಳೆಯುತ್ತದಲ್ಲ, ಪ್ಲೇಟಿನ ಮೇಲೂ ಹಾಗೇ ಬೆಳೆಯುತ್ತದೆ. ದೊಡ್ಡದು ಚಿಕ್ಕದನ್ನು ನುಂಗುವ ಈ ಕ್ರಿಯೆಗೆ, 1909ರಲ್ಲಿ ನೊಬೆಲ್ ಪಡೆದ ವಿಲ್ಹೆಲ್ಮ್ ಆಸ್ಟ್‌ವಾಲ್ಡ್ ಅವರ ಹೆಸರೇ ನಿಂತಿದೆ. ಸೀಸದ ಸಲ್ಫೇಟ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಕರಗಿದಷ್ಟು ಭಾಗ ಮಾತ್ರ ಚಾರ್ಜಿಂಗ್‌ನಲ್ಲಿ ವಾಪಸ್ ಸೀಸವಾಗಬೇಕು. ಗಟ್ಟಿ ಹರಳು ಕರಗುವುದೇ ಇಲ್ಲ ಅನ್ನುವಷ್ಟು ನಿಧಾನ. ಅದರಡಿ ಸಿಕ್ಕಿಕೊಂಡ ಪ್ಲೇಟಿನ ಭಾಗ ಇದ್ದೂ ಇಲ್ಲದ ಹಾಗೆ.

ಚಾರ್ಜ್ ಇಳಿದಷ್ಟೂ ಸಲ್ಫೇಟ್ ಜಾಸ್ತಿ. ಸೆಕೆ ಏರಿದಷ್ಟೂ ಹರಳು ಬೆಳೆಯುವ ವೇಗವೂ ಜಾಸ್ತಿ. ಅರ್ಧ ಚಾರ್ಜಿನಲ್ಲಿ ರಾಯಚೂರಿನ ಬೇಸಿಗೆ ಕಳೆಯುವ ಬ್ಯಾಟರಿಯ ಗತಿ ಊಹಿಸಿಕೊಳ್ಳಿ.

ಈಗ ಆ ಐದು ನಿಮಿಷಕ್ಕೆ ಬರೋಣ. ಸ್ಟಾರ್ಟರ್ ಮೋಟಾರ್ ಒಂದೆರಡು ಸೆಕೆಂಡಿನಲ್ಲಿ ಹತ್ತಾರು ಆಂಪಿಯರ್ ಎಳೆಯುತ್ತದೆ. ಐಡ್ಲಿಂಗ್‌ನಲ್ಲಿ ಹುಟ್ಟುವ ಕರೆಂಟೇ ಕಡಿಮೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಆರಿಸೋಕೂ ಆಗುವುದಿಲ್ಲ, ಅದಕ್ಕೂ ಪಾಲು ಹೋಗುತ್ತದೆ. ಉಳಿದ ಚೂರುಪಾರು ಬ್ಯಾಟರಿಗೆ. ಸ್ಟಾರ್ಟ್ ಮಾಡಲು ಖರ್ಚಾದದ್ದು ವಾಪಸ್ ಬಂತು ಅಂತಲೇ ಇಟ್ಟುಕೊಳ್ಳೋಣ. ಆದರೆ ಸೀಸದ ಬ್ಯಾಟರಿ ಕೊನೆಯ ಶೇ 20ರಷ್ಟನ್ನು ತುಂಬಿಸಿಕೊಳ್ಳಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಐದು ನಿಮಿಷದಲ್ಲಿ ಅಲ್ಲಿಗೆ ತಲುಪುವ ಮಾತೇ ಇಲ್ಲ. ಮೇಲಾಗಿ ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನೊಳಗೆ ನೀರು ಬೇರೆ ನಿಲ್ಲುತ್ತದೆ.

ಈ ಬ್ಯಾಟರಿಯನ್ನು 1859ರಲ್ಲಿ ಮಾಡಿದವರು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಅದಕ್ಕೂ ಮೊದಲು ಪ್ಯಾರಿಸ್ ಹತ್ತಿರ ಹಾರಲಾರದ ದೈತ್ಯ ಹಕ್ಕಿಯೊಂದರ ಪಳೆಯುಳಿಕೆ ಅವರಿಗೆ ಸಿಕ್ಕಿತ್ತು. ಅದಕ್ಕೆ ಅವರ ಹೆಸರಿನಿಂದಲೇ ಗ್ಯಾಸ್ಟೋರ್ನಿಸ್ ಅಂತ ಹೆಸರಿಟ್ಟರು. ವಿಷಯಕ್ಕೆ ಸಂಬಂಧವಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ! ಇನ್ನೊಂದು ಮಜಾ ಇದೆ. ಸೀಸದ ಪರಮಾಣು ತುಂಬಾ ಭಾರ, ಅದರ ಒಳಗಿನ ಎಲೆಕ್ಟ್ರಾನ್‌ಗಳ ವೇಗವೂ ವಿಪರೀತ. ಸೀಸದ ಬ್ಯಾಟರಿಯ ಒಂದು ಸೆಲ್ ಕೊಡುವ ಸುಮಾರು 2.1 ವೋಲ್ಟ್‌ನಲ್ಲಿ 1.7 ವೋಲ್ಟ್‌ಗಿಂತ ಹೆಚ್ಚಿನ ಪಾಲು ಐನ್‌ಸ್ಟೈನ್ ಅವರ ಸಾಪೇಕ್ಷತೆಯ ಪರಿಣಾಮ ಅಂತ 2011ರ ಒಂದು ಲೆಕ್ಕಾಚಾರ ತೋರಿಸಿತು. ಸಾಪೇಕ್ಷತೆ ನಿತ್ಯ ಬದುಕಿಗೆ ಬೇಡ ಅನ್ನುವವರಿಗೆ ಸೆಲ್ಫ್ ಬಟನ್ ತೋರಿಸಿ.

ಸರಿ, ಮಾಡಬೇಕಾದ್ದೇನು? ಮೊದಲು ಪೂರ್ತಿ ಚಾರ್ಜ್ ಮಾಡಿ. ಆಮೇಲೆ ಬೈಕಿನಿಂದ ಬಿಚ್ಚಿ. ಮೈನಸ್ ಮೊದಲು ಬಿಚ್ಚಬೇಕು. ಬೈಕಿನ ಫ್ರೇಮ್ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಫ್ರೇಮಿಗೆ ತಾಗಿದರೆ ಕಿಡಿ ಹಾರುತ್ತದೆ. ಮೈನಸ್ ಕಳಚಿದ್ದರೆ ಆ ಭಯವಿಲ್ಲ. ಕೀ ಆಫ್ ಆಗಿದ್ದರೂ ಗಡಿಯಾರ, ಅಲಾರಂ, ಜಿಪಿಎಸ್ ಸೇರಿ 4 ಮಿಲಿಆಂಪಿಯರ್ ಎಳೆಯುತ್ತವೆ ಅಂದುಕೊಳ್ಳಿ. ತಿಂಗಳಿಗೆ ಹತ್ತಿರ ಹತ್ತಿರ 2.9 ಆಂಪಿಯರ್-ಅವರ್ (ಎಎಚ್) ಆಯಿತು. 5 ಎಎಚ್ ಬ್ಯಾಟರಿ ಎರಡು ತಿಂಗಳೂ ತಡೆಯುವುದಿಲ್ಲ. ಬಿಚ್ಚಿಟ್ಟರೆ ತನ್ನಷ್ಟಕ್ಕೆ ಇಳಿಯುವುದು ಮಾತ್ರ, ತಿಂಗಳಿಗೆ ಶೇ 3ರಿಂದ 5ರ ಆಸುಪಾಸು.

ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಿ. 12.7 ವೋಲ್ಟ್ ಇದ್ದರೆ ಭರ್ತಿ. 12.4ಕ್ಕೆ ಇಳಿದರೆ ಚಾರ್ಜ್ ಮಾಡಿ. 12ಕ್ಕಿಂತ ಕೆಳಗೆ ವಾರಗಟ್ಟಲೆ ಬಿಟ್ಟಿದ್ದರೆ ಹರಳು ಗಟ್ಟಿಯಾಗುತ್ತಿದೆ ಅಂತಲೇ ಲೆಕ್ಕ. ಕಾರಿನ ಚಾರ್ಜರ್ ಬೇಡ. 5 ಎಎಚ್ ಬ್ಯಾಟರಿಗೆ ಅರ್ಧ ಆಂಪಿಯರ್ ಸಾಕು. ತುಂಬಿದ ಮೇಲೆ ತಾನೇ ವೋಲ್ಟೇಜ್ ಇಳಿಸುವ ಚಾರ್ಜರ್ ಸಿಕ್ಕರೆ ಒಳ್ಳೆಯದು. ಲಿಥಿಯಂ ಬ್ಯಾಟರಿಗೆ ಈ ಅಂಕಿಗಳು ಹೊಂದುವುದಿಲ್ಲ, ಅದಕ್ಕೆ ಅದರದ್ದೇ ಚಾರ್ಜರ್.

ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ, ಹಲಗೆ ಮೇಲಿಡಿ ಅನ್ನುವವರೂ ಇದ್ದಾರೆ. ಮರದ ಪೆಟ್ಟಿಗೆಯಲ್ಲಿ ಬ್ಯಾಟರಿ ಬರುತ್ತಿದ್ದ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ತಣ್ಣನೆ ನೆಲವೇ ವಾಸಿ, ತಂಪಿನಲ್ಲಿ ಚಾರ್ಜ್ ನಿಧಾನವಾಗಿ ಇಳಿಯುತ್ತದೆ. ಇದಕ್ಕಿಂತ ನನಗೆ ಸಿಟ್ಟು ಬರುವುದು "ಸ್ವಲ್ಪ ಆಸಿಡ್ ಹಾಕಿದ್ರೆ ಸರಿ ಹೋಗುತ್ತೆ" ಅನ್ನುವ ಸಲಹೆಗೆ. ಬ್ಯಾಟರಿಯಿಂದ ಆವಿಯಾಗುವುದು ನೀರು. ಆಸಿಡ್ ಎಲ್ಲೂ ಹೋಗಿಲ್ಲ, ಪ್ಲೇಟಿನ ಮೇಲೆ ಸಲ್ಫೇಟ್ ಆಗಿ ಕೂತಿದೆ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಸೀಲ್ ಆಗಿದ್ದರೆ ಅದನ್ನು ಬಿಚ್ಚುವ ಸಾಹಸವೇ ಬೇಡ.